ಉಗ್ರಾಣದ ಜಾಗದಲ್ಲಿ ಸಣ್ಣ ಟಾಯ್ಲೆಟ್ಟೋ, ಬಟ್ಟೆ ಒಣಗಿಸುವ ಮೂಲೆಯೋ? ಕೊಡಗಿನ ಮನೆಗಳಿಗೆ ಒಂದು ವಿಮರ್ಶೆ

ಹಳೆಯ ಮನೆಯ ರಿಪೇರಿಗೆ ಕೈ ಹಾಕಿದರೆ ಅಡುಗೆಮನೆಯ ಬದಿಯ ಉಗ್ರಾಣವೋ, ಹಿಂದಿನ ಜಗಲಿಯ ಒಂದು ತುದಿಯೋ ಖಾಲಿ ಸಿಗುತ್ತದೆ. ಐದಡಿಗೆ ಆರಡಿ ಇದ್ದರೆ ಹೆಚ್ಚು. ಅಲ್ಲಿ ಕಮೋಡ್ ಮತ್ತು ಬೇಸಿನ್ ಇಟ್ಟು ಸಣ್ಣ ಟಾಯ್ಲೆಟ್ ಮಾಡೋಣ ಎಂದು ಮನೆಯ ಹಿರಿಯರು ಹೇಳುತ್ತಾರೆ. ವಾಷಿಂಗ್ ಮಷೀನ್ ಒಳಗೆ ಬರಲಿ, ಮಳೆಯಲ್ಲಿ ಹಿತ್ತಲಿಗೆ ಓಡುವುದು ತಪ್ಪಲಿ ಎಂದು ಬಟ್ಟೆ ಒಗೆಯುವವರು ಹೇಳುತ್ತಾರೆ. ಗುತ್ತಿಗೆದಾರರು ಎರಡಕ್ಕೂ ಹೆಚ್ಚುಕಡಿಮೆ ಒಂದೇ ಮೊತ್ತ ಬರೆದು ಕೊಡುತ್ತಾರೆ. ಆ ಅಂದಾಜುಪಟ್ಟಿಯಲ್ಲಿ ಟೈಲ್ಸಿನ ಬಣ್ಣ ಇರುತ್ತದೆ, ನಲ್ಲಿಯ ಕಂಪನಿ ಇರುತ್ತದೆ. ಕೊಳೆನೀರು ಎಲ್ಲಿಗೆ ಹೋಗಬೇಕು ಎಂಬ ಸಾಲು ಮಾತ್ರ ಇರುವುದಿಲ್ಲ.

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮನೆಯೊಳಗೆ ಒಂದೂ ಟಾಯ್ಲೆಟ್ ಇಲ್ಲದಿದ್ದರೆ ಅಥವಾ ಇರುವ ಒಂದು ಮಹಡಿಯಲ್ಲಿದ್ದು ವಯಸ್ಸಾದವರು ಕೆಳಗೆ ಮಲಗುತ್ತಿದ್ದರೆ ಸಣ್ಣ ಟಾಯ್ಲೆಟ್ಟೇ ಮೊದಲು. ಜುಲೈ ತಿಂಗಳ ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು, ಜಾರುವ ಅಂಗಳ ದಾಟಿ ಹೊರಗಿನ ಕಕ್ಕಸಿಗೆ ಹೋಗುವುದು ಎಪ್ಪತ್ತು ದಾಟಿದವರಿಗೆ ಸಲ್ಲದು. ತೋಟದ ಅಂಚಿನ ಮನೆಯಾದರೆ ಆ ಹೊತ್ತಿಗೆ ಆನೆಯೂ ಅಲ್ಲೇ ಇರಬಹುದು. ಒಳಗೆ ಈಗಾಗಲೇ ಎರಡು ಟಾಯ್ಲೆಟ್ ಇದ್ದರೆ ಮೂರನೆಯದಕ್ಕೆ ದುಡ್ಡು ಹಾಕಬೇಡಿ. ಆ ಜಾಗ ಬಟ್ಟೆಗೆ ಬಿಡಿ. ಆದರೆ ಮನೆಯೊಳಗೆ ಬರಬೇಕಾದದ್ದು ಒಗೆಯುವ ಕೆಲಸವಲ್ಲ, ಒಣಗಿಸುವ ಕೆಲಸ. ಮಷೀನ್ ಹಿಂದಿನ ಜಗಲಿಯ ಸೂರಿನಡಿ ಇದ್ದರೂ ನಡೆಯುತ್ತದೆ. ಒಗೆದ ಬಟ್ಟೆ ನಾಲ್ಕು ದಿನ ಹಗ್ಗದ ಮೇಲೆ ಮುಗ್ಗಲು ವಾಸನೆ ಹಿಡಿಯುವುದೇ ಇಲ್ಲಿನ ನಿಜವಾದ ತೊಂದರೆ. ಡ್ರೈಯರ್ ಇಲ್ಲದೆ ಬರೀ ವಾಷಿಂಗ್ ಮಷೀನನ್ನು ಒಳಗೆ ತಂದರೆ ಒದ್ದೆ ಬಟ್ಟೆಯೂ ಒಳಗೆ ಬರುತ್ತದೆ, ಅದರ ಹಿಂದೆಯೇ ಗೋಡೆಯ ಬೂಷ್ಟೂ ಬರುತ್ತದೆ.

ಕುಶಾಲನಗರದ ಕಡೆಯವರಿಗೆ ಈ ಮಾತು ಅಷ್ಟಾಗಿ ಅನ್ವಯಿಸದು, ಅಲ್ಲಿ ಮಳೆ ಕಡಿಮೆ. ಮಡಿಕೇರಿ, ಭಾಗಮಂಡಲ, ನಾಪೋಕ್ಲು, ಸೋಮವಾರಪೇಟೆಯ ಮೇಲ್ಭಾಗಕ್ಕೆ ಪೂರ್ತಿ ಅನ್ವಯಿಸುತ್ತದೆ.

ಸಣ್ಣ ಟಾಯ್ಲೆಟ್: ಜಾಗ, ಕಮೋಡ್, ಕೊಳವೆ

ಒಳಅಳತೆ ಮೂರಡಿಗೆ ಐದಡಿ ಇದ್ದರೆ ಕಮೋಡ್ ಮತ್ತು ಸಣ್ಣ ಬೇಸಿನ್ ಆರಾಮವಾಗಿ ಕೂರುತ್ತವೆ. ಕಮೋಡಿನ ನಡುಗೆರೆಯಿಂದ ಎರಡೂ ಬದಿಗೆ 15 ಇಂಚು, ಮುಂದೆ ಕನಿಷ್ಠ 21 ಇಂಚು ಖಾಲಿ ಬೇಕು. ಮುಂದಿನ ಜಾಗ 24 ಇಂಚಾದರೆ ಮಂಡಿನೋವಿನವರಿಗೆ ಏಳಲು ಕೂರಲು ಸುಲಭ. ಬೇಸಿನ್ 12 ಇಂಚಿಗಿಂತ ಹೆಚ್ಚು ಮುಂದೆ ಚಾಚಬಾರದು. ಮೂಲೆಗೆ ಕೂರುವ ತ್ರಿಕೋನದ ಬೇಸಿನ್ ಇಲ್ಲಿ ಒಳ್ಳೆಯ ಆಯ್ಕೆ. ಬಾಗಿಲು ಹೊರಕ್ಕೇ ತೆರೆಯಬೇಕು. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ಅವರ ದೇಹವೇ ತಡೆಯುತ್ತದೆ. ಮರದ ಬಾಗಿಲು ಆಷಾಢದಲ್ಲಿ ಉಬ್ಬಿ ಚೌಕಟ್ಟಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಪಿವಿಸಿ ಅಥವಾ ಡಬ್ಲ್ಯುಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ್ದು) ಬಾಗಿಲು ನೋಡಲು ಸಪ್ಪೆ, ಆದರೆ ಈ ಊರಿಗೆ ಅದೇ ಸರಿ.

ಕಮೋಡ್ ಆರಿಸುವಾಗ ಕಂಪನಿಗಿಂತ ಟ್ರ್ಯಾಪ್, ಅಂದರೆ ನೀರು ನಿಂತು ವಾಸನೆ ತಡೆಯುವ ಬಾಗಿದ ಕೊಳವೆ, ಮುಖ್ಯ. ಎಸ್-ಟ್ರ್ಯಾಪ್ ಕಮೋಡಿನ ಕೊಳವೆ ನೆಲದೊಳಕ್ಕೆ ಇಳಿಯುತ್ತದೆ. ಅದಕ್ಕಾಗಿ ಹಳೆಯ ಮನೆಯ ಕಾವಿ ನೆಲವನ್ನು ಒಂದಡಿ ಅಗೆಯಬೇಕು, ಇಲ್ಲವೇ ಟಾಯ್ಲೆಟ್ಟಿನ ನೆಲವನ್ನು ಆರಿಂಚು ಎತ್ತರಿಸಬೇಕು. ಎತ್ತರಿಸಿದರೆ ಬಾಗಿಲಲ್ಲೊಂದು ಮೆಟ್ಟಿಲು ಹುಟ್ಟುತ್ತದೆ, ಯಾರಿಗಾಗಿ ಟಾಯ್ಲೆಟ್ ಕಟ್ಟಿದಿರೋ ಅವರೇ ಅದಕ್ಕೆ ಎಡವುತ್ತಾರೆ. ಪಿ-ಟ್ರ್ಯಾಪ್ ಕಮೋಡಿನ ಬಾಯಿ ನೆಲದಿಂದ ಸುಮಾರು 180 ಮಿ.ಮೀ. ಎತ್ತರದಲ್ಲಿ ಹಿಂದಕ್ಕೆ ಇರುತ್ತದೆ. ಹೊರಗೋಡೆಗೆ ಒಂದು ತೂತು ಕೊರೆದರೆ ಕೊಳವೆ ನೇರ ಹೊರಗೆ. ಆದ್ದರಿಂದ ಹೊರಗೋಡೆಗೆ ತಾಗಿದ ಜಾಗವನ್ನೇ ಹಿಡಿದು ಪಿ-ಟ್ರ್ಯಾಪ್ ಕೇಳಿ. ಅಂಗಡಿಯಲ್ಲಿ ಎಸ್-ಟ್ರ್ಯಾಪ್ ಮಾತ್ರ ಸ್ಟಾಕ್ ಇದೆ ಎಂದರೆ ಒಂದು ವಾರ ಕಾಯಿರಿ. ನೆಲ ಒಡೆಯುವ ಕೂಲಿಗಿಂತ ಕಾಯುವುದು ಅಗ್ಗ. ಗೋಡೆಯೊಳಗೆ ಹುದುಗಿಸುವ ಫ್ಲಶ್ ಟ್ಯಾಂಕ್ ಮಣ್ಣಿನ ಗೋಡೆಗೆ ಬೇಡವೇ ಬೇಡ. ಒಂದು ವಾಷರ್ ಸೋರಿದರೂ ಗೋಡೆ ಒಳಗೊಳಗೇ ಕರಗುತ್ತದೆ, ಹೊರಗೆ ಕಾಣುವ ಹೊತ್ತಿಗೆ ಬಹಳ ತಡವಾಗಿರುತ್ತದೆ. ಮಣ್ಣಿನ ಗೋಡೆಯಲ್ಲಿ ನೀರಿನ ಕೊಳವೆಗೂ ಸೀಳು ಕೊರೆಯಬಾರದು. ಸಿಪಿವಿಸಿ ಎಂಬ ಪ್ಲಾಸ್ಟಿಕ್ ಕೊಳವೆಯನ್ನು ಕ್ಲ್ಯಾಂಪ್ ಹಾಕಿ ಗೋಡೆಯ ಮೇಲೆಯೇ ಎಳೆಯಿರಿ. ಚಂದ ಕಾಣುವುದಿಲ್ಲ ನಿಜ, ಸೋರಿದರೆ ಅವತ್ತೇ ಕಾಣುತ್ತದೆ.

ವಿದೇಶಿ ಚಿತ್ರಗಳಲ್ಲಿ ಕಾಣುವ ಇಂಥ ಕೋಣೆಯ ನೆಲ ಒಣಗಿರುತ್ತದೆ, ಕಾಲೊರಸು ಹಾಸಿರುತ್ತದೆ. ನಮ್ಮಲ್ಲಿ ಹೆಲ್ತ್ ಫಾಸೆಟ್ (ಕೈಯಲ್ಲಿ ಹಿಡಿದು ತೊಳೆಯುವ ನೀರಿನ ಜೆಟ್) ಇರುತ್ತದೆ, ಕಾಲು ತೊಳೆಯುವುದಿರುತ್ತದೆ. ಹಾಗಾಗಿ ಸ್ನಾನವಿಲ್ಲದಿದ್ದರೂ ನೆಲದ ನೀರು ಇಳಿಯುವ ಫ್ಲೋರ್ ಟ್ರ್ಯಾಪ್ ಬೇಕು, ನೆಲಕ್ಕೆ ಅದರತ್ತ ಅಡಿಗೆ ಎಂಟನೇ ಒಂದು ಇಂಚಿನಷ್ಟು ಇಳಿಜಾರು ಬೇಕು. ಟ್ರ್ಯಾಪಿನೊಳಗೆ 50 ಮಿ.ಮೀ. ನೀರು ನಿಂತಿದ್ದರೆ ಮಾತ್ರ ವಾಸನೆ ತಡೆಯುತ್ತದೆ. ಅತಿಥಿಗಳಿಗೆಂದು ಕಟ್ಟಿ ಬಳಸದೆ ಬಿಟ್ಟ ಟಾಯ್ಲೆಟ್ ಏಪ್ರಿಲಿನಲ್ಲಿ ನಾರುವುದು ಇದೇ ನೀರು ಆರಿಹೋಗುವುದರಿಂದ; ವಾರಕ್ಕೊಮ್ಮೆ ಒಂದು ಚೊಂಬು ನೀರು ಹೊಯ್ದರೆ ಸಾಕು. ಟೈಲ್ಸ್ ಕೂರಿಸುವ ಮೊದಲು ವಾಟರ್‌ಪ್ರೂಫಿಂಗ್ ಬಳಿದು, ಟ್ರ್ಯಾಪಿನ ಬಾಯಿ ಮುಚ್ಚಿ, ಎರಡಿಂಚು ನೀರು ಕಟ್ಟಿ 48 ಗಂಟೆ ನಿಲ್ಲಿಸಿ ನೋಡಬೇಕು. ಮೇಸ್ತ್ರಿಗಳು ಬಿಟ್ಟುಬಿಡುವ ಹೆಜ್ಜೆ ಇದು. ಬಿಡಲು ಕೊಡಬೇಡಿ.

ಗವಾಕ್ಷಿಯ ದಿಕ್ಕಿನಲ್ಲೂ ತಪ್ಪಾಗುತ್ತದೆ. ಇಲ್ಲಿನ ಮಳೆ ಮೇಲಿನಿಂದ ಮಾತ್ರ ಬೀಳುವುದಿಲ್ಲ, ನೈಋತ್ಯದಿಂದ ಅಡ್ಡಕ್ಕೆ ಹೊಡೆಯುತ್ತದೆ. ಪಶ್ಚಿಮದ ಗೋಡೆಗೆ ಎಕ್ಸಾಸ್ಟ್ ಫ್ಯಾನ್ ಕೂರಿಸಿದರೆ ಜೂನ್ ಕಳೆಯುವುದರೊಳಗೆ ಮೋಟರಿಗೆ ನೀರು. ಪೂರ್ವ ಅಥವಾ ಉತ್ತರಕ್ಕೆ ಇಡಿ. ಆಗದಿದ್ದರೆ ಒಂದೂವರೆ ಅಡಿಯ ಸಜ್ಜಾ ಕೊಡಿಸಿ. ಕೊಳವೆಯ ಗಾಳಿ ಹೋಗುವ ವೆಂಟ್ ಪೈಪ್ ಹೆಂಚಿನ ಮೇಲಕ್ಕೆ ಹೋಗಬೇಕು, ಅಟ್ಟದೊಳಗೆ ಮುಗಿಯಬಾರದು. ತುದಿಗೆ ಸೊಳ್ಳೆಪರದೆ ಕಟ್ಟಿರಬೇಕು.

ಇನ್ನು ಸೆಪ್ಟಿಕ್ ಟ್ಯಾಂಕ್. ಕಮೋಡಿನಿಂದ ಹೊರಡುವ 110 ಮಿ.ಮೀ. ಕೊಳವೆಗೆ 40ಕ್ಕೆ 1ರಿಂದ 60ಕ್ಕೆ 1ರವರೆಗಿನ ಇಳಿಜಾರು ಸಾಕು. ಅಂದರೆ ಹತ್ತಡಿಗೆ ಎರಡರಿಂದ ಮೂರು ಇಂಚು. ಗುಡ್ಡದ ಮಗ್ಗುಲಲ್ಲಿ ಕಟ್ಟಿದ ಮನೆಗಳಲ್ಲಿ ನೆಲ ಇಳಿದಂತೆ ಕೊಳವೆಯನ್ನೂ ಇಳಿಸಿಬಿಡುತ್ತಾರೆ. ಆಗ ನೀರು ಮುಂದೆ ಓಡಿ ಗಟ್ಟಿ ಪದಾರ್ಥ ಹಿಂದೆ ಉಳಿಯುವ ಸಾಧ್ಯತೆ ಇರುತ್ತದೆ. ಸರಿಯಾದ ಕ್ರಮ ಎಂದರೆ ಹದವಾದ ಇಳಿಜಾರಿನಲ್ಲಿ ಸ್ವಲ್ಪ ದೂರ ಒಯ್ದು, ಒಂದು ಚೇಂಬರ್ (ಮುಚ್ಚಳವಿರುವ ತಪಾಸಣೆ ಗುಂಡಿ) ಕಟ್ಟಿ, ಅದರೊಳಗೆ ನೆಟ್ಟಗೆ ಇಳಿಸಿ ಮತ್ತೆ ಹದವಾಗಿ ಮುಂದುವರಿಸುವುದು. ತಿರುವು ಇದ್ದಲ್ಲೆಲ್ಲ ಒಂದೊಂದು ಚೇಂಬರ್ ಇರಲಿ. ಐದು ಜನರ ಟ್ಯಾಂಕಿಗೆ ಭಾರತೀಯ ಮಾನಕ ಐಎಸ್ 2470 ಹೇಳುವ ಅಳತೆ 1.5 ಮೀಟರ್ ಉದ್ದ, 0.75 ಮೀಟರ್ ಅಗಲ, ನೀರಿನ ಆಳ ಸುಮಾರು 1 ಮೀಟರ್. ಟ್ಯಾಂಕಿನಿಂದ ಹೊರಬರುವ ನೀರಿನ ಇಂಗುಗುಂಡಿ ಬಾವಿಯಿಂದ 18 ಮೀಟರ್, ಮನೆಯಿಂದ 6 ಮೀಟರ್ ದೂರ ಇರಬೇಕು ಎಂದೂ ಅದೇ ಹೇಳುತ್ತದೆ. ಕೊಡಗಿನಲ್ಲಿ ಮನೆ ಮೇಲೆ, ಬಾವಿ ಕೆಳಗೆ ಗದ್ದೆಯ ಅಂಚಿನಲ್ಲಿ ಇರುವುದು ಸಾಮಾನ್ಯ. ನೀರು ಇಂಗುವುದೂ ಆ ಕಡೆಗೇ. ಅದಕ್ಕಾಗಿ 18 ಮೀಟರನ್ನು ಕೊನೆಯ ಮಿತಿ ಎಂದು ತಿಳಿದು, ಬಾವಿಯ ನೇರ ಮೇಲ್ಗಡೆ ತಪ್ಪಿಸಿ ಪಕ್ಕಕ್ಕೆ ಗುಂಡಿ ತೋಡಿಸಿ. ಮನೆಯ ಹಿಂದೆ ಗುಡ್ಡ ಕಡಿದ ದರೆಯ ತಲೆಯ ಮೇಲಂತೂ ಇಂಗುಗುಂಡಿ ಕೂಡದು. 2018ರ ಆಗಸ್ಟಿನ ಭೂಕುಸಿತ ಕಂಡ ಜಿಲ್ಲೆಗೆ ನೀರು ಕುಡಿದ ಗುಡ್ಡ ಏನು ಮಾಡುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಟಾಯ್ಲೆಟ್ಟಿಗೆ ಒಂದು ಹೆಚ್ಚುಗಾರಿಕೆ ಇದೆ: ಟ್ಯಾಂಕಿನಲ್ಲಿ ನೀರಿದ್ದರೆ ಕರೆಂಟಿಲ್ಲದೆಯೂ ಅದು ಕೆಲಸ ಮಾಡುತ್ತದೆ. ಮರ ಬಿದ್ದು ಮೂರು ದಿನ ಲೈನ್ ಹೋದಾಗ ಡ್ರೈಯರ್ ಬರೀ ಪೆಟ್ಟಿಗೆ.

ಒಗೆಯುವ ಮಷೀನ್: ಹಿಂಡುವ ವೇಗಕ್ಕೆ ದುಡ್ಡು ಕೊಡಿ

ಡ್ರೈಯರ್ ಜೊತೆಗೆ ಇಡುವುದಾದರೆ ಮುಂದಿನಿಂದ ಬಟ್ಟೆ ಹಾಕುವ ಫ್ರಂಟ್ ಲೋಡೇ ಬೇಕು. ಒಂದನೆಯ ಕಾರಣ, ಅದರ ಮೇಲೆ ಡ್ರೈಯರ್ ಏರಿಸಬಹುದು. ಎರಡೂ ಸೇರಿ 65 ಸೆಂ.ಮೀ. ಅಗಲದಲ್ಲಿ ಮುಗಿಯುತ್ತವೆ, ಎತ್ತರ ಸುಮಾರು 1.75 ಮೀಟರ್. ಎರಡನೆಯ ಕಾರಣ ಹಿಂಡುವ ಶಕ್ತಿ. ಏಳು ಕಿಲೋ ಹತ್ತಿ ಬಟ್ಟೆಯನ್ನು 1400 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) ಹಿಂಡಿದರೆ ಬಟ್ಟೆಯ ತೂಕದ ಅರ್ಧದಷ್ಟು, ಅಂದರೆ ಮೂರೂವರೆ ಲೀಟರ್ ನೀರು ಉಳಿಯುತ್ತದೆ. 800ರಲ್ಲಿ ಹಿಂಡಿದರೆ ಉಳಿಯುವುದು ಐದು ಲೀಟರಿನ ಹತ್ತಿರ. ಒಂದು ಲೀಟರ್ ನೀರನ್ನು ಆವಿ ಮಾಡಲು ಏನಿಲ್ಲವೆಂದರೂ 0.6 ಯೂನಿಟ್‌ಗಿಂತ ಹೆಚ್ಚು ಶಾಖ ಬೇಕು. ಅದೇ ನೀರನ್ನು ತಿರುಗಿಸಿ ಹಿಂಡಲು ಬೇಕಾದ ಕರೆಂಟ್ ಲೆಕ್ಕಕ್ಕೇ ಬಾರದು. ಅಂಗಡಿಯವರು ಹೇಳುವ ಇಪ್ಪತ್ತು ಬಗೆಯ ವಾಷ್ ಪ್ರೋಗ್ರಾಂ ಬಿಡಿ, 1200ರಿಂದ 1400 ಆರ್‌ಪಿಎಂ ಇದೆಯೇ ನೋಡಿ.

ನೀರಿನ ಒತ್ತಡವನ್ನು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ. ಹೆಚ್ಚಿನ ಫ್ರಂಟ್ ಲೋಡ್ ಮಷೀನಿಗೆ ಕನಿಷ್ಠ 0.3ರಿಂದ 0.5 ಬಾರ್ ಬೇಕು. ಹತ್ತು ಮೀಟರ್ ಎತ್ತರದ ನೀರಿಗೆ ಒಂದು ಬಾರ್ ಲೆಕ್ಕ, ಹಾಗಾಗಿ ನಲ್ಲಿಯಿಂದ ಟ್ಯಾಂಕಿನ ತಳಕ್ಕೆ ಮೂರರಿಂದ ಐದು ಮೀಟರ್ ಎತ್ತರ ಬೇಕು. ಹೆಂಚಿನ ಮನೆಗೆ ತಾರಸಿ ಇಲ್ಲ. ಟ್ಯಾಂಕ್ ಹಿತ್ತಲಿನ ಹತ್ತಡಿ ಕಂಬದ ಮೇಲೆ ಕೂತಿರುತ್ತದೆ. ನಲ್ಲಿಯ ಎತ್ತರ ಕಳೆದರೆ ಉಳಿಯುವುದು ಎರಡು ಮೀಟರ್, ಮಷೀನ್ ನೀರು ತುಂಬದೆ ತಪ್ಪಿನ ಕೋಡ್ ತೋರಿಸಿ ನಿಲ್ಲುತ್ತದೆ. ದೂರು ಮಷೀನಿನ ಮೇಲೆ ಬರುತ್ತದೆ, ತಪ್ಪು ಕಂಬದ್ದು. ಟ್ಯಾಂಕ್ ಎತ್ತರಿಸಿ, ಇಲ್ಲವೇ ಸಣ್ಣ ಪ್ರೆಷರ್ ಪಂಪ್ ಹಾಕಿಸಿ. ಗುಡ್ಡದ ಮೇಲಿನ ಒರತೆಯಿಂದ ನೇರ ಕೊಳವೆ ಎಳೆದುಕೊಂಡವರಿಗೆ ಒತ್ತಡದ ಕೊರತೆ ಇಲ್ಲ. ಅವರ ತೊಂದರೆ ಜೂನಿನಲ್ಲಿ ಬರುವ ಕೆಂಪು ನೀರು, ಎಲೆಯ ಚೂರು, ಮರಳು. ಮಷೀನಿನ ಬಾಯಲ್ಲಿರುವ ಜಾಲರಿ ಒಂದೇ ವಾರದಲ್ಲಿ ಕಟ್ಟಿಕೊಳ್ಳುತ್ತದೆ. ನಲ್ಲಿಗೆ ಮುಂಚೆ ಕಸ ಹಿಡಿಯುವ ವೈ-ಸ್ಟ್ರೈನರ್ ಕೂರಿಸಿದರೆ ಅದನ್ನು ಬಿಚ್ಚಿ ತೊಳೆಯುವುದು ಎರಡು ನಿಮಿಷದ ಕೆಲಸ.

ಮಷೀನ್ ಕೂರುವ ನೆಲ ಕಾಂಕ್ರೀಟಿನದೇ ಆಗಿರಬೇಕು. ಮರದ ಹಲಗೆಯ ಮಹಡಿಯಲ್ಲಿ ಎಪ್ಪತ್ತು ಕಿಲೋ ಡಬ್ಬಿ 1400 ಸುತ್ತು ತಿರುಗಿದರೆ ಕೆಳಗಿನ ಕೋಣೆಯ ದೀಪವೂ ಕುಣಿಯುತ್ತದೆ. ಇಳಿಜಾರು ನೆಲದ ಮೇಲೆ ಕಾಲು ತಿರುಗಿಸಿ ಸಮ ಮಾಡುವುದಕ್ಕಿಂತ 70 ಸೆಂ.ಮೀ. ಚೌಕದ, ನಾಲ್ಕಿಂಚು ಎತ್ತರದ ಕಟ್ಟೆ ಹಾಕಿಸುವುದು ಲೇಸು, ನೀರು ನಿಂತರೂ ಮಷೀನಿನ ಬುಡ ಒಣಗಿರುತ್ತದೆ. ಸಾಗಣೆಗೆಂದು ಹಿಂದೆ ಬಿಗಿದ ನಾಲ್ಕು ಟ್ರಾನ್ಸಿಟ್ ಬೋಲ್ಟ್ ಬಿಚ್ಚದೆ ಓಡಿಸಿದರೆ ಮೊದಲ ದಿನವೇ ಮಷೀನ್ ಕೋಣೆ ತುಂಬ ನಡೆದಾಡುತ್ತದೆ. ಬಿಚ್ಚಿದ ಬೋಲ್ಟನ್ನು ಎಸೆಯದೆ ಚೀಲದಲ್ಲಿ ಕಟ್ಟಿಡಿ. ಮತ್ತೆ ಸಾಗಿಸುವಾಗ ಬೇಕಾಗುತ್ತದೆ.

ಕೊಳೆನೀರಿಗೆ 50 ಮಿ.ಮೀ. ಕೊಳವೆ ನೆಟ್ಟಗೆ ನಿಲ್ಲಿಸಿ, ಬುಡದಲ್ಲಿ ಟ್ರ್ಯಾಪ್ ಕೊಟ್ಟು, ಬಾಯಿಯನ್ನು ನೆಲದಿಂದ 75–80 ಸೆಂ.ಮೀ. ಎತ್ತರಕ್ಕೆ ತರಬೇಕು. ಬೇಸಿನ್ನಿನ 32 ಮಿ.ಮೀ. ಕೊಳವೆಗೆ ಹೋಸ್ ಸಿಕ್ಕಿಸಿದರೆ ಪಂಪ್ ತಳ್ಳುವ ವೇಗಕ್ಕೆ ನೀರು ಬೇಸಿನ್ನಿನಲ್ಲಿ ಉಕ್ಕುತ್ತದೆ. ಹೋಸನ್ನು ನೆಲಮಟ್ಟದಲ್ಲಿ ಬಿಟ್ಟರೆ ಇನ್ನೊಂದು ಅವಾಂತರ: ತುಂಬಿದ ನೀರು ತಾನಾಗಿಯೇ ಸೈಫನ್ ಆಗಿ ಹರಿದುಹೋಗುತ್ತದೆ, ಮಷೀನ್ ತುಂಬುತ್ತಲೇ ಇರುತ್ತದೆ. ಹೋಸ್ ಮತ್ತು ಕೊಳವೆಯ ನಡುವೆ ಗಾಳಿಯಾಡುವ ಸಂದು ಇರಲಿ, ಟೇಪ್ ಸುತ್ತಿ ಬಿಗಿಯಬೇಡಿ.

ಈ ನೀರನ್ನು ಸೆಪ್ಟಿಕ್ ಟ್ಯಾಂಕಿಗೆ ಬಿಡಬೇಡಿ. ಒಂದು ಸಲ ಒಗೆದರೆ 50ರಿಂದ 70 ಲೀಟರ್ ಸೋಪಿನ ನೀರು ನುಗ್ಗಿ, ತಳಕ್ಕೆ ಕೂತ ಕೆಸರನ್ನು ಕದಡಿ ಇಂಗುಗುಂಡಿಗೆ ತಳ್ಳುತ್ತದೆ, ಗುಂಡಿಯ ರಂಧ್ರಗಳು ಮುಚ್ಚುತ್ತವೆ. ಬೇರೆಯೇ ಕೊಳವೆಯಲ್ಲಿ ಒಯ್ದು, ಬಾಯಿಗೊಂದು ಬಲೆಯ ಚೀಲ ಕಟ್ಟಿ ನೂಲು ಹಿಡಿದು, ಬಾಳೆ ಅಥವಾ ಕೆಸುವಿನ ಮಡಿಗೆ ಬಿಡಿ. ತೋಡಿಗೆ ಬಿಡುವುದು ಸುಲಭ, ಆದರೆ ಕೆಳಗಿನ ಮನೆಯವರ ನೀರು ಅದೇ. ತೋಟದ ಕೆಸರು ಮೆತ್ತಿದ ಪ್ಯಾಂಟನ್ನು ಹಾಗೆಯೇ ಮಷೀನಿಗೆ ಹಾಕಿದರೆ ಪಂಪಿನ ಫಿಲ್ಟರ್ ಕಟ್ಟುತ್ತದೆ. ಹಿತ್ತಲಿನ ಒಗೆಯುವ ಕಲ್ಲನ್ನು ಕಿತ್ತುಹಾಕಬೇಡಿ, ಮೊದಲ ಜಾಲಾಟ ಅಲ್ಲೇ ಆಗಲಿ.

ಡ್ರೈಯರುಗಳು: ಇಲ್ಲಿದೆ ನಿಜವಾದ ಆಯ್ಕೆ

ಒಗೆದು ಒಣಗಿಸುವ ಎರಡೂ ಕೆಲಸ ಒಂದೇ ಡಬ್ಬಿಯಲ್ಲಿ ಮಾಡುವ ವಾಷರ್-ಡ್ರೈಯರ್ ಜಾಗ ಉಳಿಸುತ್ತದೆ ಎಂದು ಮೊದಲು ಕಣ್ಣಿಗೆ ಬೀಳುತ್ತದೆ. ಎಂಟು ಕಿಲೋ ಒಗೆಯುವ ಮಷೀನ್ ಒಣಗಿಸುವುದು ಐದು ಕಿಲೋ ಮಾತ್ರ. ಅಂದರೆ ಅರ್ಧ ಬಟ್ಟೆ ಹೊರಗೆ ತೆಗೆದು ಕಾಯಬೇಕು, ಅಥವಾ ಒಗೆಯುವಾಗಲೇ ಕಡಿಮೆ ಹಾಕಬೇಕು. ಆರಂಭದಿಂದ ಕೊನೆಗೆ ನಾಲ್ಕೈದು ಗಂಟೆ. ಹೀಟರಿನಿಂದ ಒಣಗಿಸುವ ಮಾದರಿಗಳಿಗೆ ಕರೆಂಟ್ ಹೆಚ್ಚು ಬೇಕು, ಅವುಗಳಲ್ಲಿ ಹಲವು ಆವಿಯನ್ನು ತಣಿಸಲು ನೀರನ್ನೂ ಬಳಸುತ್ತವೆ. ಇಬ್ಬರೇ ಇರುವ ಮನೆಗೆ ಪರವಾಗಿಲ್ಲ. ಮಕ್ಕಳಿರುವ ಮನೆಗೆ ಐದಕ್ಕೆ ಎರಡು ಅಂಕ ಕೊಟ್ಟರೂ ಹೆಚ್ಚು.

ಹೊಗೆಕೊಳವೆಯಂತೆ ಬಿಸಿಗಾಳಿಯನ್ನು ಹೊರಗೆ ಊದುವ ವೆಂಟೆಡ್ ಡ್ರೈಯರ್ ಅಗ್ಗ, ಸರಳ, ರಿಪೇರಿಗೆ ಸುಲಭ. ಒಂದು ಹೀಟರ್, ಒಂದು ಮೋಟರ್, ಒಂದು ಬೆಲ್ಟ್, ಅಷ್ಟೆ. ಐದೂವರೆ ಕಿಲೋ ಅಳತೆಯದು ಗೋಡೆಗೂ ಏರುತ್ತದೆ. ಪೂರ್ತಿ ತುಂಬಿದರೆ ಒಂದು ಸಲಕ್ಕೆ ಸುಮಾರು ಮೂರು ಯೂನಿಟ್. ಆದರೆ ನಾಲ್ಕಿಂಚಿನ ಕೊಳವೆ ಹೊರಗೆ ಹೋಗಲೇಬೇಕು, ಉದ್ದ ಮೂರು ಮೀಟರ್ ದಾಟದಿರಲಿ, ತಿರುವು ಒಂದೆರಡಕ್ಕಿಂತ ಹೆಚ್ಚಾಗದಿರಲಿ, ಹೊರಕ್ಕೆ ಸ್ವಲ್ಪ ವಾಲಿರಲಿ. ಕೊಳವೆ ಹಾಕದೆ ಕೋಣೆಯೊಳಗೇ ಊದಿಸಿದರೆ ಬಟ್ಟೆಯಿಂದ ಹೊರಟ ಸುಮಾರು ಮೂರು ಲೀಟರ್ ನೀರು ಗೋಡೆಗೂ ಬೀರುವಿನ ಬಟ್ಟೆಗೂ ಹಂಚಿಕೆಯಾಗುತ್ತದೆ. ಸೌದೆ ಒಲೆ ಇರುವ ಅಡುಗೆಮನೆಯ ಪಕ್ಕ ಇಡುವವರು ಇನ್ನೊಂದು ವಿಷಯ ಗಮನಿಸಬೇಕು. ಡ್ರೈಯರ್ ಗಾಳಿಯನ್ನು ಹೊರಗೆ ತಳ್ಳಿದಷ್ಟೂ ಮನೆಯೊಳಕ್ಕೆ ಬೇರೆ ಗಾಳಿ ಬರಬೇಕು. ಕಿಟಕಿ ಎಲ್ಲ ಮುಚ್ಚಿದ್ದರೆ ಅದು ಒಲೆಯ ಚಿಮಣಿಯಿಂದ ಇಳಿಯುತ್ತದೆ, ಹೊಗೆ ಸಮೇತ. ಬಾಗಿಲಿಗೆ ಜಾಲರಿ ಕೊಡಿಸಿ. ಈ ಷರತ್ತುಗಳನ್ನು ಒಪ್ಪುವವರಿಗೆ ಮೂರೂವರೆ ಅಂಕ.

ಹೀಟರ್ ಇರುವ, ಆವಿಯನ್ನು ಹೊರಗೆ ಊದದೆ ತಣಿಸಿ ನೀರಾಗಿಸುವ ಕಂಡೆನ್ಸರ್ ಡ್ರೈಯರ್ ವೆಂಟೆಡ್ ಮತ್ತು ಮುಂದೆ ಹೇಳುವ ಹೀಟ್ ಪಂಪ್ ಡ್ರೈಯರುಗಳ ನಡುವಿನದು. ಎಂಟು ಕಿಲೋಗೆ ನಾಲ್ಕು ನಾಲ್ಕೂವರೆ ಯೂನಿಟ್ ತಿನ್ನುತ್ತದೆ. ಈಗ ಹೊಸದಾಗಿ ಕೊಳ್ಳಲು ಕಾರಣ ಕಾಣುವುದಿಲ್ಲ.

ಹೀಟ್ ಪಂಪ್ ಡ್ರೈಯರ್ ಬೆಲೆ ಹೆಚ್ಚು, ಫ್ರಂಟ್ ಲೋಡ್ ಮಷೀನಿಗಿಂತಲೂ ದುಬಾರಿ. ಫ್ರಿಜ್ಜಿನಂತೆ ಕಂಪ್ರೆಸರ್ ಇರುತ್ತದೆ, ಬಿಸಿಗಾಳಿಯಿಂದ ನೀರು ಇಳಿಸಿ ಅದೇ ಶಾಖವನ್ನು ಮತ್ತೆ ಬಳಸುತ್ತದೆ. ಹಾಗಾಗಿ ಎಂಟು ಕಿಲೋಗೆ ಒಂದೂವರೆಯಿಂದ ಎರಡು ಯೂನಿಟ್ ಸಾಕು. ಎಳೆಯುವುದು ಒಂದು ಕಿಲೋವ್ಯಾಟಿಗಿಂತ ಕಡಿಮೆ, ಎಸ್ಟೇಟಿನ ಸಣ್ಣ ಜನರೇಟರಿನಲ್ಲೂ ಓಡುತ್ತದೆ. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾದ್ದರಿಂದ ಈ ವ್ಯತ್ಯಾಸ ದೊಡ್ಡದು. ತಿಂಗಳಿಗೆ ಹನ್ನೆರಡು ಸಲ ಹಾಕಿದರೆ ಇದಕ್ಕೆ 24 ಯೂನಿಟ್, ಹೀಟರಿನದಕ್ಕೆ 50ರ ಮೇಲೆ. ನಿಧಾನ, ಎರಡೂವರೆಯಿಂದ ಮೂರು ಗಂಟೆ. ಬಾಗಿಲಿನ ಫಿಲ್ಟರನ್ನು ಪ್ರತಿ ಸಲ ತೆಗೆದು ನೂಲು ಒರೆಸಬೇಕು, ಕೆಳಗಿನದನ್ನು ಕೈಪಿಡಿ ಹೇಳಿದಷ್ಟು ದಿನಕ್ಕೊಮ್ಮೆ. ಇಲ್ಲದಿದ್ದರೆ ಮೂರು ಗಂಟೆ ಐದಾಗುತ್ತದೆ. ನೀರಿನ ಡಬ್ಬಿಯನ್ನು ದಿನವೂ ಚೆಲ್ಲುವ ಬದಲು ಅದರ ಹೋಸನ್ನು ಮಷೀನಿನ ಕೊಳವೆಗೇ ಬಿಡಿ. ಘಾಟಿ ರಸ್ತೆಯಲ್ಲಿ ಮಲಗಿಸಿ ತಂದಿದ್ದರೆ ನಿಲ್ಲಿಸಿ ಒಂದು ದಿನ ಬಿಟ್ಟು ಚಾಲೂ ಮಾಡಿ, ಕಂಪ್ರೆಸರಿನ ಎಣ್ಣೆ ತಳಕ್ಕೆ ಇಳಿಯಬೇಕು. ಮಡಿಕೇರಿ, ಸೋಮವಾರಪೇಟೆಯ ಮೇಲಿನ ಮನೆಗಳಿಗೆ ಇದೇ ಮೊದಲ ಆಯ್ಕೆ, ನಾಲ್ಕೂವರೆ ಅಂಕ. ಅರ್ಧ ಅಂಕ ಕಡಿತ ಸರ್ವಿಸ್‌ಗಾಗಿ. ಕೊಳ್ಳುವ ಮೊದಲು ಒಂದೇ ಪ್ರಶ್ನೆ ಕೇಳಿ: ಇದನ್ನು ರಿಪೇರಿ ಮಾಡುವವರು ಮಡಿಕೇರಿಯಲ್ಲಿದ್ದಾರೆಯೇ, ಮೈಸೂರಿನಿಂದ 120 ಕಿಲೋಮೀಟರ್ ಹತ್ತಿ ಬರಬೇಕೇ?

ಯಾವ ಡ್ರೈಯರೂ ರೇಷ್ಮೆ ಸೀರೆಗಲ್ಲ, ಉಣ್ಣೆಯ ಕಂಬಳಿಗಲ್ಲ. ಕೊಡವರ ನಿಲುವಂಗಿ ಕುಪ್ಯ, ಸೊಂಟಕ್ಕೆ ಕಟ್ಟುವ ಚೇಲೆಗಳನ್ನು ಅದರ ಹತ್ತಿರವೂ ಒಯ್ಯಬೇಡಿ.

ಅವುಗಳಿಗೆ ಮತ್ತು ಬಜೆಟ್ ಇಲ್ಲದವರಿಗೆ ಇನ್ನೊಂದು ದಾರಿ ಇದೆ, ಅಂಗಡಿಯವರು ಹೇಳದೇ ಇರುವುದು: ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್. ಬಾಗಿಲು ಕಿಟಕಿ ಬಿಗಿಯಾಗಿ ಮುಚ್ಚುವ ಸಣ್ಣ ಕೋಣೆ, ಅಡ್ಡಕ್ಕೆ ನಾಲ್ಕು ಬಿದಿರಿನ ಗಳು, ಕೆಳಗೊಂದು ಫ್ಯಾನ್, ಮೂಲೆಯಲ್ಲಿ ಈ ಯಂತ್ರ. ಸುಮಾರು 300 ವ್ಯಾಟ್ ಎಳೆಯುತ್ತದೆ. ಚೆನ್ನಾಗಿ ಹಿಂಡಿದ ಒಂದು ಮಷೀನ್ ಬಟ್ಟೆ ಏಳೆಂಟು ಗಂಟೆಗೆ ಆರುತ್ತದೆ, ಎರಡೂವರೆ ಯೂನಿಟ್ ಒಳಗೆ. ಬಟ್ಟೆ ಸವೆಯುವುದಿಲ್ಲ, ಬಟ್ಟೆ ಇಲ್ಲದ ದಿನ ಬೀರುವಿನ ಕೋಣೆಗೆ ಒಯ್ದು ಇಟ್ಟರೆ ಚಪ್ಪಲಿ, ಪುಸ್ತಕ, ಬೆಲ್ಟುಗಳ ಬೂಷ್ಟೂ ನಿಲ್ಲುತ್ತದೆ. ಪೆಟ್ಟಿಗೆಯ ಮೇಲೆ ದಿನಕ್ಕೆ 20 ಲೀಟರ್ ಎಂದು ಬರೆದದ್ದನ್ನು ಮಾತ್ರ ನಂಬಬೇಡಿ. ಅದು 30 ಡಿಗ್ರಿ ಸೆಲ್ಸಿಯಸ್, 80 ಶೇಕಡ ತೇವಾಂಶದಲ್ಲಿ ಅಳೆದದ್ದು. ಜುಲೈಯ ಮಡಿಕೇರಿಯ 20 ಡಿಗ್ರಿಯಲ್ಲಿ ಅರ್ಧ ಸಿಕ್ಕರೆ ಪುಣ್ಯ. 12 ಲೀಟರಿನದು ಕೊಳ್ಳುವ ಯೋಚನೆ ಇದ್ದರೆ 20ರದ್ದನ್ನೇ ಕೊಳ್ಳಿ. ಕೊಟ್ಟ ದುಡ್ಡಿಗೆ ಸಿಗುವ ಪ್ರಯೋಜನದಲ್ಲಿ ಇದು ಡ್ರೈಯರುಗಳನ್ನೂ ಹಿಂದೆ ಹಾಕುತ್ತದೆ.

ಕರೆಂಟ್ ಕೆಲಸ ಮತ್ತು ಅಂದಾಜುಪಟ್ಟಿ

ಬಿಸಿನೀರಿನ ಹೀಟರ್ ಇರುವ ವಾಷಿಂಗ್ ಮಷೀನ್ 2000 ವ್ಯಾಟ್ ಎಳೆಯುತ್ತದೆ. ಅದಕ್ಕೊಂದು, ಡ್ರೈಯರಿಗೊಂದು, ಎರಡು ಬೇರೆ ಬೇರೆ 16 ಆಂಪಿಯರ್ ಸಾಕೆಟ್, ಬೇರೆ ಬೇರೆ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಲೈನ್ ಕಡಿಯುವ ಸ್ವಿಚ್). 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇಲ್ಲದೆ ಒದ್ದೆ ಜಾಗಕ್ಕೆ ಲೈನ್ ಎಳೆಸಬೇಡಿ. ಸಾಕೆಟ್ ಮಷೀನಿನ ಹಿಂದೆ ಅಲ್ಲ, ಪಕ್ಕದಲ್ಲಿ ನಾಲ್ಕಡಿ ಎತ್ತರದಲ್ಲಿ ಇರಲಿ. ಏಪ್ರಿಲ್ ಮೇ ಗುಡುಗಿಗೆ ಪ್ಲಗ್ ಕಿತ್ತಿಡಲು ಕೈ ಸಿಗಬೇಕಲ್ಲ. ಇನ್ವರ್ಟರಿನಲ್ಲಿ ತಣ್ಣೀರಿನ ವಾಷ್ ಓಡೀತು, ಹೀಟರ್ ಓಡದು.

ಕೆಲಸ ಶುರು ಮಾಡುವ ತಿಂಗಳನ್ನೂ ಆಲೋಚಿಸಿ. ಡಿಸೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು, ಕೂಲಿಗೆ ಆಳು ಸಿಗುವುದು ಕಷ್ಟ. ಮೇ ಕೊನೆಗೆ ಮಳೆ ಹತ್ತಿರ ಬಂದಿರುತ್ತದೆ, ಸಿಮೆಂಟ್ ಆರುವುದಿಲ್ಲ, ಗುಂಡಿ ತೋಡಿದಲ್ಲಿ ನೀರು. ಉಳಿಯುವುದು ಮಾರ್ಚ್, ಏಪ್ರಿಲ್. ಅಂದಾಜುಪಟ್ಟಿಯಲ್ಲಿ ಕೊಳವೆಯ ವ್ಯಾಸ, ಇಳಿಜಾರು, ಚೇಂಬರುಗಳ ಸಂಖ್ಯೆ, ವೆಂಟ್ ಪೈಪ್, ನೀರು ಕಟ್ಟಿ ನೋಡುವ ಪರೀಕ್ಷೆ ಬೇರೆ ಬೇರೆ ಸಾಲಾಗಿ ಇರಬೇಕು. ‘ಪ್ಲಂಬಿಂಗ್ ಕೆಲಸ, ಒಟ್ಟು’ ಎಂದು ಒಂದೇ ಸಾಲು ಬರೆದವರಿಗೆ ಮುಂಗಡ ಕೊಡಬೇಡಿ.

ನಾಲ್ಕಡಿಗೆ ಆರೂವರೆ ಅಡಿ ಸಿಕ್ಕರೆ ಎರಡನ್ನೂ ಹಿಡಿಸಬಹುದು: ಒಂದು ತುದಿಗೆ ಕಮೋಡ್, ಇನ್ನೊಂದು ತುದಿಗೆ ಒಂದರ ಮೇಲೊಂದು ಮಷೀನು. ಆಗ ನಡುವೆ ನಾಲ್ಕಿಂಚಿನ ಅಡ್ಡಗೋಡೆ ಕಡ್ಡಾಯ. ಫಾಸೆಟ್ಟಿನ ನೀರು ಸಾಕೆಟ್ಟಿಗೆ ಸಿಡಿಯಬಾರದು, ಡ್ರೈಯರ್ ಆ ಕಡೆಯ ತೇವದ ಗಾಳಿ ಎಳೆದುಕೊಳ್ಳಬಾರದು. ಕೊಳೆನೀರಿನ ಎರಡು ಕೊಳವೆಗಳೂ ಬೇರೆಯಾಗಿಯೇ ಹೊರಗೆ ಹೋಗಬೇಕು.

ಅಷ್ಟು ಜಾಗವಿಲ್ಲದೆ ಈ ವರ್ಷ ಒಂದನ್ನೇ ಮಾಡುವವರು ಗೋಡೆ ಕೊರೆದಾಗಲೇ ಇನ್ನೊಂದರ ಕೊಳವೆಯನ್ನೂ ಹಾಕಿಸಿಬಿಡಿ. ಟಾಯ್ಲೆಟ್ ಕಟ್ಟುವವರು 50 ಮಿ.ಮೀ. ಕೊಳವೆಯೊಂದನ್ನು ಹೊರಗಿನ ಬಾಳೆಮಡಿಯವರೆಗೆ ಎಳೆಸಿ, ಒಳಗಿನ ಬಾಯಿಗೆ ಎಂಡ್ ಕ್ಯಾಪ್ ಹಾಕಿ. ಮಷೀನ್ ಇಡುವವರು 110 ಮಿ.ಮೀ. ಕೊಳವೆಯನ್ನು ನೆಲದಿಂದ 180 ಮಿ.ಮೀ. ಎತ್ತರದಲ್ಲಿ ಗೋಡೆಯಾಚೆ ದಾಟಿಸಿ ಎರಡೂ ಕಡೆ ಮುಚ್ಚಿ. ತೆರೆದಿಟ್ಟರೆ ಮೊದಲು ಇಲಿ, ಆಮೇಲೆ ಅದರ ಹಿಂದೆ ಹಾವು. ಪ್ಲಾಸ್ಟರ್ ಮಾಡುವ ಮೊದಲು ಕೊಳವೆಯ ಪಕ್ಕ ಟೇಪ್ ಹಿಡಿದು ಮೂಲೆಯಿಂದ ಎಷ್ಟು ದೂರ ಎಂದು ಕಾಣುವಂತೆ ಒಂದು ಫೋಟೋ ತೆಗೆದಿಡಿ.